ಪಾಷಾಣದ ದಡದಲ್ಲಿ ಹಾಯಿದೋಣಿಗಳು

ಮರೀನಾ ಎಂದೊಡನೆ ನಮ್ಮವರಿಗೆ ನೆನಪಾಗುವುದು ಚೆನ್ನೈನ ಉದ್ದನೆಯ ಮರಳ ದಂಡೆ. ಅಲ್ಲಿನ ಸುಂಡಲು, ಗಾಳಿಪಟ, ಸಂಜೆಯ ಜನಜಂಗುಳಿ. ಆದರೆ ನಾವಿಕರ ಮಾತಿನಲ್ಲಿ ಮರೀನಾ ಎಂದರೆ ಬೇರೆಯೇ. ಅಲೆಗಳ ಹೊಡೆತಕ್ಕೆ ಸಿಗದ ಶಾಂತ ನೀರಿನಲ್ಲಿ ಸಣ್ಣ ದೋಣಿಗಳನ್ನೂ ವಿಹಾರ ನೌಕೆಗಳನ್ನೂ ಕಟ್ಟಿಹಾಕಲು ಮಾಡಿದ ತಂಗುದಾಣ ಅದು. ಅಲೆಯನ್ನು ತಡೆಯಲು ಒಂದು ಗೋಡೆ ಬೇಕು. ಆ ಗೋಡೆಯನ್ನು ಸಾಮಾನ್ಯವಾಗಿ ಬಂಡೆಗಲ್ಲಿನಿಂದ ಕಟ್ಟುತ್ತಾರೆ. ಬಂಡೆಗಲ್ಲಿನ ಬದಲು ಕಾರ್ಖಾನೆಯ ಬೆಂಕಿಯುಗುಳುವ ಕಸದಿಂದಲೇ ಅಂಥ ಗೋಡೆ ಎದ್ದು ನಿಂತ ಊರೊಂದು ಅಮೆರಿಕದಲ್ಲಿದೆ. ಅದರ ಹೆಸರು ಟಕೋಮಾ.

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿರುವ ಬಂದರು ನಗರ ಇದು. ವಿದ್ಯಾರ್ಥಿಗಳು ಇಲ್ಲಿ ಗೊಂದಲಕ್ಕೆ ಬೀಳಬಾರದು: ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರ ಇರುವುದು ಪೂರ್ವದಲ್ಲಿ, ಅದೇ ಹೆಸರಿನ ಈ ರಾಜ್ಯ ಇರುವುದು ಪಶ್ಚಿಮದ ಪೆಸಿಫಿಕ್ ಕರಾವಳಿಯಲ್ಲಿ. ಕನ್ನಡಿಗರೂ ಸೇರಿದಂತೆ ನಮ್ಮ ದೇಶದ ಸಾವಿರಾರು ಸಾಫ್ಟ್‌ವೇರ್ ಎಂಜಿನಿಯರುಗಳು ನೆಲೆಸಿರುವ ಸಿಯಾಟಲ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚಿನ ದಡದಲ್ಲಿ ಟಕೋಮಾ ಇದೆ. ಊರಿನ ಮುಂದಿರುವ ಕೊಲ್ಲಿಗೆ ಕಮೆನ್ಸ್‌ಮೆಂಟ್ ಕೊಲ್ಲಿ, ಅಂದರೆ 'ಆರಂಭದ ಕೊಲ್ಲಿ' ಎಂದು ಹೆಸರು. 1841ರಲ್ಲಿ ಚಾರ್ಲ್ಸ್ ವಿಲ್ಕ್ಸ್ ಎಂಬ ಅಮೆರಿಕನ್ ನೌಕಾಧಿಕಾರಿಯ ತಂಡ ಈ ಜಲಭಾಗದ ಸರ್ವೇಕ್ಷಣೆಯನ್ನು ಇಲ್ಲಿಂದಲೇ ಆರಂಭಿಸಿದ್ದರಿಂದ ಆ ಹೆಸರು ಬಂತು.

ಮೋಡವಿಲ್ಲದ ದಿನ ಇಲ್ಲಿನ ದಡದಲ್ಲಿ ನಿಂತರೆ 14,410 ಅಡಿ ಎತ್ತರದ ರೈನಿಯರ್ ಪರ್ವತ ಆಗ್ನೇಯ ದಿಕ್ಕಿನಲ್ಲಿ ಹಿಮದ ರಾಶಿಯಂತೆ ಕಾಣುತ್ತದೆ. ಒಂದು ಕಡೆ ಹಳೆಯ ಕಾಡನ್ನು ಇನ್ನೂ ಉಳಿಸಿಕೊಂಡಿರುವ ಪಾಯಿಂಟ್ ಡಿಫಯನ್ಸ್ ಉದ್ಯಾನ. ಅದರ ಮಗ್ಗುಲಲ್ಲೇ ಸಾಲುಸಾಲಾಗಿ ನಿಂತ ಹಾಯಿದೋಣಿಗಳ ಕಂಬಗಳು. ನೀರಿನ ಅಂಚಿನುದ್ದಕ್ಕೂ ಅಗಲವಾದ ಕಾಲುದಾರಿ, ಅಲ್ಲಿ ಸೈಕಲ್ ತುಳಿಯುವ ಮಕ್ಕಳು, ತಿಂಡಿ ಅಂಗಡಿಗಳು, ಸಿನಿಮಾ ಮಂದಿರ, ಹೊಸ ಹೊಸ ಮನೆಗಳು. ಇದೇ ಜಾಗದಲ್ಲಿ ಸುಮಾರು ಒಂದು ಶತಮಾನ ಕಾಲ ಅಮೆರಿಕದ ಅತ್ಯಂತ ವಿಷಮಯ ಕಾರ್ಖಾನೆಗಳಲ್ಲೊಂದು ಹೊಗೆ ಉಗುಳುತ್ತಿತ್ತು ಎಂದರೆ ಹೊಸಬರು ನಂಬುವುದು ಕಷ್ಟ.

ಗೋಳಗುಮ್ಮಟದ ಮೂರು ಪಟ್ಟು

1873ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ತನ್ನ ಹಳಿಗಳ ಕೊನೆಯ ನಿಲ್ದಾಣವಾಗಿ ಟಕೋಮಾವನ್ನು ಆರಿಸಿಕೊಂಡಿತು. ರೈಲು ಮತ್ತು ಹಡಗು ಎರಡೂ ಸೇರುವ ಕಡೆ ಕಾರ್ಖಾನೆ ಹುಟ್ಟುವುದು ಸಹಜ. 1890ರ ಹೊತ್ತಿಗೆ ಊರಿನ ಉತ್ತರದಂಚಿನ ದಡದಲ್ಲಿ ಸೀಸದ ಅದಿರು ಕರಗಿಸುವ ಕುಲುಮೆ ಕೆಲಸ ಆರಂಭಿಸಿತು. ಅದನ್ನು ಬೆಳೆಸಿದವರು ವಿಲಿಯಂ ರಸ್ಟ್. ಕಾರ್ಖಾನೆಯ ಸುತ್ತ ಬೆಳೆದ ಪುಟ್ಟ ಊರಿಗೆ ಅವರ ಹೆಸರಿನಿಂದಲೇ ರಸ್ಟನ್ ಎಂದಾಯಿತು. 1905ರಲ್ಲಿ ಈ ಕಾರ್ಖಾನೆ 'ಅಸಾರ್ಕೊ' ಎಂಬ ದೊಡ್ಡ ಲೋಹ ಕಂಪನಿಯ ಕೈ ಸೇರಿತು. ಮುಂದೆ ಸೀಸವನ್ನು ಬಿಟ್ಟು ತಾಮ್ರವೇ ಇಲ್ಲಿನ ಮುಖ್ಯ ಕಸುಬಾಯಿತು.

1917ರಲ್ಲಿ ಇಲ್ಲಿ ಎದ್ದ ಇಟ್ಟಿಗೆಯ ಹೊಗೆ ಗೋಪುರದ ಎತ್ತರ 571 ಅಡಿ. ವಿಜಾಪುರದ ಗೋಳಗುಮ್ಮಟದ ಎತ್ತರದ ಸುಮಾರು ಮೂರು ಪಟ್ಟು! ಕಟ್ಟಿದ ಕಾಲಕ್ಕೆ ಜಗತ್ತಿನ ಅತಿ ಎತ್ತರದ ಹೊಗೆ ಗೋಪುರ ತಮ್ಮದೇ ಎಂದು ಊರಿನವರು ಹೆಮ್ಮೆಪಡುತ್ತಿದ್ದರು. ಗೋಪುರ ಎತ್ತರವಾದಷ್ಟೂ ಹೊಗೆ ಮೇಲೆ ಹೋಗುತ್ತದೆ, ಅಕ್ಕಪಕ್ಕದವರಿಗೆ ತೊಂದರೆ ಕಡಿಮೆ ಎಂಬುದು ಆಗಿನ ಲೆಕ್ಕಾಚಾರ. ಮೇಲೆ ಹೋದದ್ದು ಎಲ್ಲಾದರೂ ಒಂದು ಕಡೆ ಕೆಳಗೆ ಇಳಿಯಲೇಬೇಕು ಎಂಬುದನ್ನು ಮಾತ್ರ ಆ ಲೆಕ್ಕದಲ್ಲಿ ಯಾರೂ ಸೇರಿಸಲಿಲ್ಲ.

ತಾಮ್ರದ ಅದಿರಿನಲ್ಲಿ ತಾಮ್ರವೊಂದೇ ಇರುವುದಿಲ್ಲ. ಗಂಧಕ ಇರುತ್ತದೆ, ಕಬ್ಬಿಣ ಇರುತ್ತದೆ, ಕೆಲವು ಕಡೆಯ ಅದಿರಿನಲ್ಲಿ ಆರ್ಸೆನಿಕ್ ಕೂಡ ಧಾರಾಳವಾಗಿರುತ್ತದೆ. ನಮ್ಮ ಹಿರಿಯರು ಶಂಖಪಾಷಾಣ ಎಂದು ಕರೆಯುತ್ತಿದ್ದ ಬಿಳಿ ವಿಷ ಈ ಆರ್ಸೆನಿಕ್‌ನ ಆಕ್ಸೈಡೇ. ಆರ್ಸೆನಿಕ್ ಹೆಚ್ಚಿರುವ ಅದಿರನ್ನು ಬೇರೆ ಕಾರ್ಖಾನೆಗಳು ಮುಟ್ಟಲು ಹೆದರುತ್ತಿದ್ದವು. ಟಕೋಮಾ ಮಾತ್ರ ಅದನ್ನೇ ತನ್ನ ವಿಶೇಷವನ್ನಾಗಿ ಮಾಡಿಕೊಂಡಿತು. ಫಿಲಿಪ್ಪೀನ್ಸ್‌ನಂಥ ದೂರದ ದೇಶದಿಂದಲೂ ಹಡಗಿನಲ್ಲಿ ಅಂಥ ಅದಿರು ಬರುತ್ತಿತ್ತು.

ಅದಿರನ್ನು ಹುರಿಯುವಾಗ ಆರ್ಸೆನಿಕ್ ಆವಿಯಾಗಿ ಮೇಲೇಳುತ್ತದೆ. ಆ ಹೊಗೆಯನ್ನು ಇಟ್ಟಿಗೆಯ ಉದ್ದನೆಯ ಕೋಣೆಗಳ ಮೂಲಕ ಹಾಯಿಸಿ ತಣ್ಣಗಾಗಿಸಿದರೆ ಗೋಡೆಗಳ ಮೇಲೆ, ನೆಲದ ಮೇಲೆ ಬಿಳಿ ಪುಡಿ ಕೂರುತ್ತದೆ. ಅದನ್ನು ಬಳಿದು, ಶುದ್ಧಗೊಳಿಸಿ ಕೀಟನಾಶಕಕ್ಕೆ, ಮರಕ್ಕೆ ಹುಳು ಹಿಡಿಯದಂತೆ ಹಚ್ಚುವ ರಾಸಾಯನಿಕಕ್ಕೆ, ಗಾಜಿನ ತಯಾರಿಕೆಗೆ ಮಾರುತ್ತಿದ್ದರು. ಕೊನೆಕೊನೆಗೆ ಇಡೀ ಅಮೆರಿಕದಲ್ಲಿ ಆರ್ಸೆನಿಕ್ ತಯಾರಿಸುತ್ತಿದ್ದ ಕಾರ್ಖಾನೆ ಇದೊಂದೇ ಆಗಿತ್ತು. ಕೋಣೆಗಳಲ್ಲಿ ಸಿಕ್ಕದ್ದು ಸರಕಾಯಿತು. ಸಿಗದೆ ತಪ್ಪಿಸಿಕೊಂಡದ್ದು ಗೋಪುರವನ್ನೇರಿ ಗಾಳಿಯ ಪಾಲಾಯಿತು.

ಉಳಿದದ್ದು ಕಿಟ್ಟ. ಕುಲುಮೆಯಲ್ಲಿ ತಾಮ್ರ ತಳಕ್ಕಿಳಿದರೆ ಅದರ ಮೇಲೆ ತೇಲುವ ಕರಗಿದ ಕಲ್ಲಿನ ದ್ರವವೇ ಕಿಟ್ಟ. ನಮ್ಮ ಕಮ್ಮಾರ ಸಾಲೆಗಳ ಹಿಂದೆ ಕಪ್ಪಗೆ, ತೂತುತೂತಾಗಿ ಬಿದ್ದಿರುತ್ತದಲ್ಲ, ಅದರ ಜಾತಿಯದು. ಕೆಂಪಗೆ ಕಾದ ಈ ದ್ರವವನ್ನು ದಶಕಗಳ ಕಾಲ ನೇರವಾಗಿ ಕೊಲ್ಲಿಯ ನೀರಿಗೆ ಸುರಿದರು. ಸುರಿದದ್ದು ಸಮುದ್ರದಲ್ಲಿ ಹೆಪ್ಪುಗಟ್ಟಿ, ಕ್ರಮೇಣ ಒಂದು ಉದ್ದನೆಯ ನಾಲಿಗೆಯಂತೆ ನೀರಿನೊಳಕ್ಕೆ ಚಾಚಿಕೊಂಡು ಹೊಸ ಭೂಮಿಯೇ ಹುಟ್ಟಿತು. ಈ ನಾಲಿಗೆಯ ಮರೆಯಲ್ಲಿ ಅಲೆಗಳಿಲ್ಲದ ಶಾಂತ ಕೊಳವೊಂದು ಸಿದ್ಧವಾಯಿತು. ಟಕೋಮಾದ ವಿಹಾರ ನೌಕೆಗಳ ಕ್ಲಬ್ಬು ತನ್ನ ದೋಣಿಗಳನ್ನು ಅಲ್ಲೇ ಕಟ್ಟಿತು. ಕ್ಲಬ್ಬಿನ ಕಟ್ಟಡವೂ ಕಿಟ್ಟದ ನೆಲದ ಮೇಲೆಯೇ ಎದ್ದಿತು. ಹೀಗೆ ವಿಷದ ದಂಡೆಯೇ ವಿನೋದದ ದಂಡೆಯಾಯಿತು.

ಶಾಲೆಯ ಮಕ್ಕಳು ಹೇಳಿದ ಸತ್ಯ

ಕಾರ್ಖಾನೆ ಊರಿಗೆ ಅನ್ನ ಹಾಕುತ್ತಿತ್ತು. ಅಜ್ಜ, ಅಪ್ಪ, ಮಗ ಒಂದೇ ಗೇಟಿನಲ್ಲಿ ಒಳಹೋಗುವಷ್ಟು ದೀರ್ಘ ಕಾಲ ಅದು ನಡೆಯಿತು. ಹೀಗಿರುವಾಗ ಹೊಗೆಯ ಬಗ್ಗೆ ದೂರುವವರು ಯಾರು? ಆದರೆ 1970ರ ದಶಕದ ಆರಂಭದಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ವೈದ್ಯ ಸ್ಯಾಮ್ಯುಯೆಲ್ ಮಿಲ್ಹ್ಯಾಮ್ ಮತ್ತು ಅವರ ಸಹೋದ್ಯೋಗಿ ಒಂದು ಸರಳ ಪರೀಕ್ಷೆ ಮಾಡಿದರು. ಕಾರ್ಖಾನೆಯ ಹತ್ತಿರದ ಮಕ್ಕಳ ಮೂತ್ರದಲ್ಲಿ ಆರ್ಸೆನಿಕ್ ಎಷ್ಟಿದೆ ಎಂದು ಅಳೆದರು. ಮನೆಗಳ ಕಸ ಗುಡಿಸುವ ಯಂತ್ರಗಳಲ್ಲಿ ಸಂಗ್ರಹವಾದ ದೂಳನ್ನೂ ಪರೀಕ್ಷಿಸಿದರು. ಗೋಪುರದಿಂದ ದೂರ ಹೋದಂತೆ ಪ್ರಮಾಣ ಇಳಿಯುತ್ತಿತ್ತು, ಹತ್ತಿರ ಬಂದಂತೆ ಏರುತ್ತಿತ್ತು. 1974ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇದರ ಮಹತ್ವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಆ ಮಕ್ಕಳಲ್ಲಿ ಯಾರೂ ಕುಲುಮೆಯಲ್ಲಿ ಕೆಲಸ ಮಾಡಿದವರಲ್ಲ. ಆಡಿದ್ದು ಅಂಗಳದಲ್ಲಿ, ಮಲಗಿದ್ದು ತಮ್ಮ ಮನೆಯಲ್ಲಿ. ವಿಷ ಕೆಲಸದ ಜಾಗದ ಬೇಲಿ ದಾಟಿ ಮನೆಯೊಳಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ. ಇತ್ತ ಕಾರ್ಖಾನೆಯ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ ಹೆಚ್ಚು ಎಂದು ಬೇರೆ ಅಧ್ಯಯನಗಳೂ ಹೇಳಿದವು.

ಉದ್ಯೋಗವೋ, ಆರೋಗ್ಯವೋ?

1983 ಟಕೋಮಾದ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆ ವರ್ಷ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಕಾರ್ಖಾನೆಯ ಆರ್ಸೆನಿಕ್ ಹೊಗೆಗೆ ಮಿತಿ ಹಾಕಲು ಹೊರಟಿತು. ಅದರ ಮುಖ್ಯಸ್ಥರಾಗಿದ್ದವರು ವಿಲಿಯಂ ರಕಲ್ಸ್‌ಹೌಸ್. 1970ರಲ್ಲಿ ಆ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾಗಿದ್ದು, 1983ರಲ್ಲಿ ಮತ್ತೆ ಅದೇ ಕುರ್ಚಿಗೆ ಬಂದವರು.

ಸಂಸ್ಥೆಯ ವಿಜ್ಞಾನಿಗಳ ಅಂದಾಜು ಹೀಗಿತ್ತು: ಹೊಗೆಯನ್ನು ಇದ್ದಂತೆಯೇ ಬಿಟ್ಟರೆ ಆ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಹೆಚ್ಚುವರಿ ಕ್ಯಾನ್ಸರ್ ಪ್ರಕರಣಗಳು, ಆಗ ಲಭ್ಯವಿದ್ದ ಅತ್ಯುತ್ತಮ ತಂತ್ರಜ್ಞಾನ ಅಳವಡಿಸಿದರೆ ಸುಮಾರು ಒಂದು. ಅದನ್ನೂ ಇಲ್ಲವಾಗಿಸಬೇಕೆಂದರೆ ಕಾರ್ಖಾನೆಯನ್ನೇ ಮುಚ್ಚಬೇಕು. ಆಗ ಐನೂರಕ್ಕೂ ಹೆಚ್ಚು ಮಂದಿಯ ಕೆಲಸ ಹೋಗುತ್ತದೆ. ಉಳಿದ ಆ ಒಂದು ಅಪಾಯವನ್ನು ಊರು ಒಪ್ಪಿಕೊಳ್ಳಬೇಕೆ, ಬೇಡವೆ? ದೂರದ ರಾಜಧಾನಿಯಲ್ಲಿ ಕುಳಿತು ತಾವೊಬ್ಬರೇ ತೀರ್ಮಾನಿಸುವುದಕ್ಕಿಂತ ಅಲ್ಲಿ ಬದುಕುವ ಜನರ ಅಭಿಪ್ರಾಯ ಕೇಳುವುದೇ ಸರಿ ಎಂದು ರಕಲ್ಸ್‌ಹೌಸ್ ಸಾರ್ವಜನಿಕ ಸಭೆಗಳನ್ನು ಕರೆದರು.

ಈ ಕ್ರಮವನ್ನು ಹೊಗಳಿದವರಷ್ಟೇ ತೆಗಳಿದವರೂ ಇದ್ದರು. ಕಣದಲ್ಲಿ ನಿಂತವನ ಪ್ರಾಣವನ್ನು ಪ್ರೇಕ್ಷಕರ ಕೈಗೆ ಒಪ್ಪಿಸುವ ರೋಮನ್ ಸೀಸರನಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವರನ್ನು ಹೋಲಿಸಿತು. ಸಭೆಗಳಿಗೆ ಕಾರ್ಮಿಕರು ಬಂದರು, ಅವರ ಹೆಂಡಂದಿರು ಬಂದರು, ಗಾಳಿ ಬೀಸುವ ದಿಕ್ಕಿನಲ್ಲಿದ್ದ ವ್ಯಾಶನ್ ದ್ವೀಪದ ನಿವಾಸಿಗಳು ಬಂದರು. ಅಂಕಿಸಂಖ್ಯೆಗಳ ಪಾಠ ನಡೆಯಿತು. ಜನ ಮಾತ್ರ ಎರಡರಲ್ಲಿ ಒಂದನ್ನು ಆರಿಸಲು ಒಪ್ಪಲಿಲ್ಲ. ಕೆಲವರು ಅಂಗಿಗೆ ಒಂದು ಬಿಲ್ಲೆ ಸಿಕ್ಕಿಸಿಕೊಂಡು ಬಂದರು. ಅದರ ಮೇಲೆ ಇದ್ದದ್ದು ಒಂದೇ ಪದ: 'ಎರಡೂ'. ಕೆಲಸವೂ ಬೇಕು, ಆರೋಗ್ಯವೂ ಬೇಕು ಎಂಬುದು ಅದರ ಅರ್ಥ.

ಆದರೆ ಆದದ್ದೇನು? ನಿಯಮ ಅಂತಿಮವಾಗುವ ಮೊದಲೇ, 1984ರಲ್ಲಿ, ಕಂಪನಿ ತಾನಾಗಿಯೇ ಕುಲುಮೆ ಮುಚ್ಚುವುದಾಗಿ ಪ್ರಕಟಿಸಿತು. ತಾಮ್ರದ ಬೆಲೆ ಕುಸಿದಿತ್ತು, ಹಳೆಯ ಯಂತ್ರಗಳಿಗೆ ಹೊಸ ಹಣ ಹಾಕುವುದು ಲಾಭದಾಯಕವಾಗಿರಲಿಲ್ಲ. 1985ರ ಮಾರ್ಚ್‌ನಲ್ಲಿ ತಾಮ್ರದ ಕೆಲಸ ನಿಂತಿತು, 1986ರ ಆರಂಭದಲ್ಲಿ ಆರ್ಸೆನಿಕ್ ವಿಭಾಗವೂ ಬಾಗಿಲು ಹಾಕಿತು. 'ಎರಡೂ' ಬೇಕು ಎಂದವರಿಗೆ ಕೆಲಸ ಹೋಯಿತು, ವಿಷ ಮಾತ್ರ ಮಣ್ಣಿನಲ್ಲೇ ಉಳಿಯಿತು!

ಸುಡಲಾಗದ ಕಸ

1993ರ ಜನವರಿ 17ರಂದು ಹೊಗೆ ಗೋಪುರವನ್ನು ಸ್ಫೋಟಕ ಇಟ್ಟು ಉರುಳಿಸಿದರು. ಊರಿಗೆ ಊರೇ ನೋಡಲು ನೆರೆದಿತ್ತು. ಮುಕ್ಕಾಲು ಶತಮಾನ ನಿಂತಿದ್ದ ಗೋಪುರ ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೊರಗಿತು. ನಿಜವಾದ ಕೆಲಸ ಇದ್ದದ್ದು ಆಮೇಲೆ.

ಇಲ್ಲಿ ರಸಾಯನಶಾಸ್ತ್ರದ ಒಂದು ಮೂಲಪಾಠ ನೆನಪಿಡಬೇಕು. ಎಣ್ಣೆ ಚೆಲ್ಲಿದರೆ ಕಾಲಕ್ರಮದಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಬಹುದು. ಕೀಟನಾಶಕದ ಅಣುವನ್ನು ಹೆಚ್ಚಿನ ಶಾಖದಲ್ಲಿ ಒಡೆಯಬಹುದು. ಆದರೆ ಆರ್ಸೆನಿಕ್ ಒಂದು ಮೂಲವಸ್ತು. ಅದನ್ನು ಸುಟ್ಟರೂ ಆರ್ಸೆನಿಕ್, ತೊಳೆದರೂ ಆರ್ಸೆನಿಕ್. ನಾಶ ಮಾಡುವ ದಾರಿಯೇ ಇಲ್ಲ. ಹಾಗಾದರೆ 'ಸ್ವಚ್ಛಗೊಳಿಸುವುದು' ಎಂದರೇನು? ಎರಡೇ ಉಪಾಯ: ಅಗೆದು ಬೇರೆಡೆಗೆ ಒಯ್ಯುವುದು, ಇಲ್ಲವೇ ಇದ್ದಲ್ಲೇ ಗಾಳಿ, ನೀರು, ಮನುಷ್ಯ ಮುಟ್ಟದಂತೆ ಮುಚ್ಚಿಡುವುದು. ಟಕೋಮಾದಲ್ಲಿ ಎರಡನ್ನೂ ಮಾಡಿದರು.

ಇದಕ್ಕೆ ಆಧಾರವಾದದ್ದು 1980ರ ಕೊನೆಯಲ್ಲಿ ಬಂದ 'ಸೂಪರ್‌ಫಂಡ್' ಎಂಬ ಕಾನೂನು. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಬಡಾವಣೆಯಲ್ಲಿ ಮನೆಗಳ ಕೆಳಗೇ ಹೂತಿಟ್ಟ ರಾಸಾಯನಿಕಗಳು 1978ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿದ್ದವು. ಮಲಿನ ಮಾಡಿದವರೇ ತೊಳೆಯಬೇಕು, ಅವರು ಸಿಗದಿದ್ದರೆ ಸರ್ಕಾರದ ನಿಧಿಯಿಂದ ತೊಳೆಯಬೇಕು ಎಂಬುದು ಈ ಕಾನೂನಿನ ಸಾರಾಂಶ. 1983ರಲ್ಲಿ ಕಮೆನ್ಸ್‌ಮೆಂಟ್ ಕೊಲ್ಲಿಯ ದಡ, ಕುಲುಮೆಯ ಜಾಗವೂ ಸೇರಿದಂತೆ, ಈ ಪಟ್ಟಿಗೆ ಸೇರಿತು.

ಕಾರ್ಖಾನೆಯ ಅತ್ಯಂತ ವಿಷಮಯ ಮಣ್ಣು ಮತ್ತು ಅವಶೇಷಗಳನ್ನು ಅದೇ ಜಾಗದಲ್ಲಿ ಒಂದು ದೊಡ್ಡ ಹೊಂಡ ಮಾಡಿ, ತಳಕ್ಕೆ ನೀರು ಇಂಗದ ಹಾಸು ಹಾಸಿ, ಒಳಗೆ ತುಂಬಿ, ಮೇಲೆ ಮುಚ್ಚಳ ಹಾಕಿದರು. ಉಳಿದ ನೆಲಕ್ಕೆ ರಸ್ತೆ, ಕಟ್ಟಡ, ಶುದ್ಧ ಮಣ್ಣಿನ ಪದರ, ಇವೇ ಮುಚ್ಚಳ. ಅಲೆಗಳು ಕಿಟ್ಟವನ್ನು ಕೊರೆದು ಸಮುದ್ರಕ್ಕೆ ಒಯ್ಯದಂತೆ ದಡಕ್ಕೆ ಬಂಡೆಗಳ ಕವಚ ತೊಡಿಸಿದರು. ಕಾಲುದಾರಿಯಲ್ಲಿ ಇಂದು ಐಸ್‌ಕ್ರೀಂ ಮೆಲ್ಲುತ್ತ ಹೋಗುವವರ ಪಾದದಡಿಯಲ್ಲಿ ಹಳೆಯ ಕಾರ್ಖಾನೆ ಹೀಗೆ ಮಲಗಿದೆ. ಆ ನಿವೇಶನವನ್ನು ಖರೀದಿಸಿದ ಖಾಸಗಿ ಸಂಸ್ಥೆ 2006ರಿಂದ ಅಲ್ಲಿ 'ಪಾಯಿಂಟ್ ರಸ್ಟನ್' ಎಂಬ ಬಡಾವಣೆ ಕಟ್ಟುತ್ತ ಬಂದಿದೆ. ಮುಚ್ಚುವ ಕೆಲಸದಲ್ಲಿ ಒಂದು ಪಾಲನ್ನು ತಾನೇ ಮಾಡಬೇಕು ಎಂಬ ಷರತ್ತಿನ ಮೇಲೆ!

ಚಪ್ಪಲಿ ಹೊರಗೆ ಬಿಡಿ

ಕಾರ್ಖಾನೆಯ ಬೇಲಿಯೊಳಗಿನ ಕತೆ ಇದಾದರೆ ಹೊರಗಿನದು ಇನ್ನೂ ದೊಡ್ಡದು. ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆಯ ಅಂಗಳದ ಮಣ್ಣನ್ನು ಪರೀಕ್ಷಿಸಿ, ಮಿತಿ ಮೀರಿದ ಕಡೆ ಹುಲ್ಲು, ಗಿಡ, ಮಣ್ಣು ಎಲ್ಲವನ್ನೂ ಅಗೆದು ತೆಗೆದು ಹೊಸ ಮಣ್ಣು ತುಂಬಿದರು. ಹೀಗೆ ಮಣ್ಣು ಬದಲಾದ ನಿವೇಶನಗಳು ಎರಡು ಸಾವಿರಕ್ಕೂ ಹೆಚ್ಚು. ಅಷ್ಟರಲ್ಲಿ ರಾಜ್ಯದ ಪರಿಸರ ಇಲಾಖೆ ಇನ್ನೂ ದೂರದ ಮಣ್ಣನ್ನು ಪರೀಕ್ಷಿಸಿದಾಗ ಗೋಪುರದಿಂದ ಹಾರಿದ ಸೀಸ ಮತ್ತು ಆರ್ಸೆನಿಕ್ ಸುಮಾರು 1,000 ಚದರ ಮೈಲಿ ವ್ಯಾಪಿಸಿರುವುದು ಗೊತ್ತಾಯಿತು. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ದೊಡ್ಡ ಪ್ರದೇಶ!

ಅಷ್ಟು ನೆಲವನ್ನು ಅಗೆಯುವುದು ಸಾಧ್ಯವೆ? ಆದ್ದರಿಂದ ಆದ್ಯತೆ ಕೊಟ್ಟದ್ದು ಮಕ್ಕಳಿಗೆ. ಶಾಲೆಗಳ, ಶಿಶುವಿಹಾರಗಳ, ಉದ್ಯಾನಗಳ ಆಟದ ಜಾಗವನ್ನು ಮೊದಲು ಸರಿಪಡಿಸಿದರು. ಪುಟ್ಟ ಮಕ್ಕಳು ಮಣ್ಣಾಡಿದ ಕೈಯನ್ನು ಬಾಯಿಗೆ ಹಾಕುತ್ತಾರೆ, ಅವರ ದೇಹ ಚಿಕ್ಕದು, ಬೆಳೆಯುವ ಮೆದುಳಿಗೆ ಸೀಸ ಶತ್ರು ಎಂಬುದು ಇದಕ್ಕೆ ಕಾರಣ. ತಂದೆತಾಯಂದಿರಿಗೆ ಆರೋಗ್ಯ ಇಲಾಖೆ ಕೆಲವು ಸೂಚನೆಗಳನ್ನು ಕೊಟ್ಟಿತು: ಹೊರಗಿಂದ ಬಂದೊಡನೆ ಕೈ ತೊಳೆಯಿರಿ, ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ತೋಟದ ತರಕಾರಿ ಚೆನ್ನಾಗಿ ತೊಳೆಯಿರಿ, ಪಾದರಕ್ಷೆಯನ್ನು ಬಾಗಿಲ ಹೊರಗೇ ಬಿಡಿ. ನಮ್ಮ ಅಜ್ಜಿಯಂದಿರು ಮಡಿಯೆಂದು ಹೇಳುತ್ತಿದ್ದುದನ್ನೇ ಅಲ್ಲಿ ಸರ್ಕಾರ ಕರಪತ್ರ ಅಚ್ಚು ಹಾಕಿಸಿ ಹೇಳಬೇಕಾಯಿತು.

ಇದಕ್ಕೆಲ್ಲ ಹಣ? 2005ರಲ್ಲಿ ಅಸಾರ್ಕೊ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಲಿನ ಮಾಡಿದವರು ಕೈಯೆತ್ತಿದರೆ ಗತಿಯೇನು ಎಂದು ಹಲವು ರಾಜ್ಯಗಳು ಕಂಗಾಲಾದವು. ವರ್ಷಗಳ ವ್ಯಾಜ್ಯದ ನಂತರ 2009ರಲ್ಲಿ ಕಂಪನಿ 19 ರಾಜ್ಯಗಳ 80ಕ್ಕೂ ಹೆಚ್ಚು ಜಾಗಗಳಿಗಾಗಿ 179 ಕೋಟಿ ಡಾಲರ್ ಕೊಡಬೇಕಾಯಿತು. ಅದರಲ್ಲಿ ಸುಮಾರು 9.5 ಕೋಟಿ ಡಾಲರ್ ಟಕೋಮಾದ ಹೊಗೆ ಬಿದ್ದ ನೆಲದ ಪಾಲಿಗೆ ಬಂತು. ಕುಲುಮೆಯಿಂದ ಬಂದ ತಾಮ್ರದ ಲಾಭವನ್ನು ಉಂಡವರು ಒಂದು ತಲೆಮಾರಿನವರು. ಆದರೆ ಮಣ್ಣು ಬದಲಾಯಿಸುವ ಕೆಲಸ ಮಾಡಿದವರು ಅವರ ಮೊಮ್ಮಕ್ಕಳ ಕಾಲದವರು.

ಥಿಯಾ ಫಾಸ್ ಎಂಬ ಮಹಿಳೆ

ಟಕೋಮಾದಲ್ಲಿ ಇನ್ನೊಂದು ದಡವೂ ಇದೆ. ಕೊಲ್ಲಿಯ ತುದಿಯಲ್ಲಿ, ಪೇಟೆಯ ಪಕ್ಕದಲ್ಲೇ ಚಾಚಿಕೊಂಡಿರುವ ಜಲಮಾರ್ಗಕ್ಕೆ ಥಿಯಾ ಫಾಸ್ ಎಂಬ ಮಹಿಳೆಯ ಹೆಸರಿದೆ. ನಾರ್ವೆಯಿಂದ ವಲಸೆ ಬಂದ ಬಡಗಿಯೊಬ್ಬನ ಹೆಂಡತಿ ಆಕೆ. 1889ರಲ್ಲಿ ಹಳೆಯ ಹುಟ್ಟುದೋಣಿಯೊಂದನ್ನು 5 ಡಾಲರಿಗೆ ಕೊಂಡು, ಬಣ್ಣ ಬಳಿದು ಲಾಭಕ್ಕೆ ಮಾರಿದಳಂತೆ. ಅಲ್ಲಿಂದ ದೋಣಿಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ ಆರಂಭವಾಗಿ, ಮುಂದೆ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಗಳ ಹೆಸರಾಂತ ಕಂಪನಿಯಾಗಿ ಬೆಳೆಯಿತು.

ಆಕೆಯ ಹೆಸರಿನ ಜಲಮಾರ್ಗದ ತಳದಲ್ಲಿ ಮಾತ್ರ ಕಲ್ಲಿದ್ದಲಿನಿಂದ ಅನಿಲ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯ ಡಾಂಬರು, ದಡದ ಉದ್ಯಮಗಳ ತ್ಯಾಜ್ಯ, ಊರಿನ ಚರಂಡಿಗಳ ಕೊಳೆ ಸೇರಿ ಕಪ್ಪು ಕೆಸರು ತುಂಬಿತ್ತು. 1991ರಲ್ಲಿ ನಗರಸಭೆ ಧೈರ್ಯ ಮಾಡಿ ದಡದ 27 ಎಕರೆ ಕೊಂಡಿತು. ಮಲಿನ ನೆಲ ಕೊಂಡವರಿಗೆ ಅದನ್ನು ತೊಳೆಯುವ ಹೊಣೆಯೂ ಅಂಟಿಕೊಳ್ಳುತ್ತದೆ ಎಂದು ತಿಳಿದೂ ಕೊಂಡಿತು ಎಂಬುದು ಗಮನಾರ್ಹ. 2002ರಿಂದ 2006ರವರೆಗೆ ಕೆಲವು ಕಡೆ ಕೆಸರನ್ನು ಎತ್ತಿದರು, ಕೆಲವು ಕಡೆ ಅದರ ಮೇಲೆ ಶುದ್ಧ ಮರಳಿನ ಪದರ ಹಾಸಿದರು. ಖರ್ಚು 10 ಕೋಟಿ ಡಾಲರ್ ದಾಟಿತು. 2002ರಲ್ಲಿ ದಡದ ಮೇಲೆ ಗಾಜಿನ ವಸ್ತುಸಂಗ್ರಹಾಲಯ ತೆರೆಯಿತು. ಟಕೋಮಾದಲ್ಲೇ ಹುಟ್ಟಿದ ಗಾಜಿನ ಕಲಾವಿದ ಡೇಲ್ ಚಿಹುಲಿ ಅವರ ಕೃತಿಗಳ ಸೇತುವೆ ಅದನ್ನು ಪೇಟೆಗೆ ಜೋಡಿಸಿತು. ಮುಂದಿನ ನೀರಿನಲ್ಲಿ ಮರೀನಾ, ಹಿಂದಿನ ದಡದಲ್ಲಿ ವಸತಿ ಕಟ್ಟಡಗಳು.

ಕತೆ ಇಲ್ಲಿಗೆ ಸುಖಾಂತವಾಗಬೇಕಿತ್ತು. ಆದರೆ ಹೊಸ ಮರಳಿನ ಮೇಲೆ ಮತ್ತೆ ಕೊಳೆ ಕೂರಲಾರಂಭಿಸಿದ್ದು ಪರೀಕ್ಷೆಯಲ್ಲಿ ಕಂಡುಬಂತು. ಈ ಬಾರಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬಳಸುವ ಥ್ಯಾಲೇಟ್ ಎಂಬ ರಾಸಾಯನಿಕ. ಅದನ್ನು ಸುರಿದವರು ಯಾರು? ಯಾವ ಕಾರ್ಖಾನೆಯೂ ಅಲ್ಲ. ಮನೆ, ಅಂಗಡಿ, ವಾಹನಗಳ ಪ್ಲಾಸ್ಟಿಕ್ಕಿನಿಂದ ಹೊರಟದ್ದು ದೂಳಿನೊಡನೆ ಬೆರೆತು, ರಸ್ತೆಗೆ ಬಿದ್ದು, ಮಳೆನೀರಿನ ಚರಂಡಿ ಹಿಡಿದು ಜಲಮಾರ್ಗಕ್ಕೆ ಬಂದಿತ್ತು. ನಗರಸಭೆ ಮಳೆನೀರಿನ ಕೊಳವೆಗಳ ಒಳಗಿನ ಹಳೆಯ ಹೂಳನ್ನು ತೊಳೆಸಿತು, ಬೀದಿ ಗುಡಿಸುವ ಕ್ರಮವನ್ನು ಸುಧಾರಿಸಿತು, ವರ್ಷ ವರ್ಷವೂ ನೀರನ್ನು ಪರೀಕ್ಷಿಸುತ್ತ ಬಂತು. ಒಂದು ಕಾರ್ಖಾನೆಯ ಬಾಗಿಲು ಮುಚ್ಚಿಸಬಹುದು, ಸಾವಿರ ಮನೆಗಳ ಚರಂಡಿಯನ್ನು ಏನು ಮಾಡುವುದು? ಹಿಂದೆ ಅಪರಾಧಿ ಯಾರೆಂದು ತೋರಿಸಲು ಎತ್ತರದ ಗೋಪುರವೊಂದಿತ್ತು. ಈಗ ತೋರಿಸಬೇಕಾದರೆ ಊರಿನವರು ತಮ್ಮ ಕಡೆಗೇ ಬೆರಳು ಮಾಡಿಕೊಳ್ಳಬೇಕು.

ಮರಳುಗಾಡಿನ ಹೆಸರು

ಕಿಟ್ಟದ ಆ ನಾಲಿಗೆಯ ಕಡೆಗೆ ಹಿಂತಿರುಗಿದರೆ, ಅದರ ಮೇಲಿನ 11 ಎಕರೆ ಈಗ ಉದ್ಯಾನ. 2019ರ ಜುಲೈನಲ್ಲಿ ತೆರೆದ ಇದಕ್ಕೆ 'ಡ್ಯೂನ್ ಪರ್ಯಾಯದ್ವೀಪ' ಎಂದು ಹೆಸರು. 1920ರಲ್ಲಿ ಟಕೋಮಾದಲ್ಲಿ ಹುಟ್ಟಿದ ಫ್ರ್ಯಾಂಕ್ ಹರ್ಬರ್ಟ್ 1965ರಲ್ಲಿ 'ಡ್ಯೂನ್' ಎಂಬ ವೈಜ್ಞಾನಿಕ ಕಾದಂಬರಿ ಬರೆದರು. ಒಂದು ಇಡೀ ಗ್ರಹ ಮರಳುಗಾಡಾದ ಕತೆ ಅದು. ಹೊಸ ಪೀಳಿಗೆಗೆ ಸಿನಿಮಾದ ಮೂಲಕ ಹೆಚ್ಚು ಪರಿಚಿತ. ಬಾಲ್ಯದಲ್ಲಿ ಕಂಡ ಊರಿನ ಹೊಗೆಯೂ ಆ ಕಲ್ಪನೆಯ ಹಿಂದೆ ಇತ್ತು ಎನ್ನುತ್ತಾರೆ. ಅಲ್ಲಿ ಈಗ ಹುಲ್ಲಿನ ದಿಬ್ಬಗಳಿವೆ, ಹಳೆಯ ಉದ್ಯಾನಕ್ಕೆ ಕಾಲುಸೇತುವೆ ಇದೆ, ಮಕ್ಕಳಿಗೆ ಜಾರುಬಂಡೆಗಳಿವೆ. ಪಕ್ಕದ ಕೊಳದಲ್ಲಿ ದೋಣಿಗಳು ಮೊದಲಿನಂತೆ ತೂಗುತ್ತಿವೆ.

ಕೆಲಸ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ವಿಷ ನೆಲದಲ್ಲೇ ಉಳಿದಿರುವ ಇಂಥ ಜಾಗಗಳನ್ನು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸಲೇಬೇಕು ಎಂದು ಕಾನೂನು ಹೇಳುತ್ತದೆ. ಮುಚ್ಚಳ ಬಿರುಕು ಬಿಟ್ಟಿದೆಯೆ, ದಡ ಕುಸಿದಿದೆಯೆ, ಯಾರಾದರೂ ಕೇಳದೆ ಅಗೆದಿದ್ದಾರೆಯೆ ಎಂದು ನೋಡಬೇಕು. ಆರ್ಸೆನಿಕ್‌ಗೆ ವಯಸ್ಸಾಗುವುದಿಲ್ಲ. ಆದ್ದರಿಂದ ಈ ಕಾವಲಿಗೂ ಕೊನೆಯಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಊರಿನವರು 'ಸೈನೈಡ್ ಗುಡ್ಡ'ಗಳೆಂದು ಕರೆಯುವ ಬೂದು ದಿಬ್ಬಗಳು ಇನ್ನೂ ಅಲ್ಲೇ ಇವೆ. ಗಾಳಿಯ ದಿನಗಳಲ್ಲಿ ಅದರ ದೂಳು ಮನೆಗಳಿಗೆ ಬರುತ್ತದೆ. ಟಕೋಮಾದ ವಿಷವೇ ಬೇರೆ, ಇಲ್ಲಿನದೇ ಬೇರೆ. ಅಲ್ಲಿರುವಷ್ಟು ಹಣವೂ ಇಲ್ಲಿಲ್ಲ. ಆದರೆ ಆ ಊರಿನಲ್ಲಿ ಎಲ್ಲವೂ ಆರಂಭವಾದದ್ದು ದುಬಾರಿ ಯಂತ್ರದಿಂದಲ್ಲ. ಒಬ್ಬ ವೈದ್ಯ ಶಾಲೆಯ ಮಕ್ಕಳ ಹತ್ತಿರ ಹೋಗಿ, ಅವರ ಮೈಯಲ್ಲಿ ಏನಿದೆ ಎಂದು ಅಳೆದು, ಬಂದ ಅಂಕಿಯನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಅದು ಸಾಧ್ಯವಾಯಿತು. ಮುಚ್ಚಬೇಕಾದದ್ದು ಮಣ್ಣನ್ನೇ ಹೊರತು ಮಾಹಿತಿಯನ್ನಲ್ಲ ಎಂಬುದನ್ನು ಆ ಊರು ನೂರು ವರ್ಷ ತೆಗೆದುಕೊಂಡು ಕಲಿಯಿತು. ವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಅಷ್ಟು ಕಾಲ ಕಾಯಬೇಕಾಗಿಲ್ಲ.